ಕಾರಿನ ಕಿಬ್ಬೊಟ್ಟೆ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಅದರ ಕೋಡು, ಸುಳಿ, ಹಲ್ಲುಗಳನ್ನು ನೋಡಿ ಅಷ್ಟಕ್ಕೇ ತೃಪ್ತನಾಗುವುದಿಲ್ಲ. ಕಾಲೆತ್ತಿಸಿ ಗೊರಸನ್ನೂ ನೋಡುತ್ತಾನೆ. ಮೈ ಎಷ್ಟೇ ಮಿರುಗಲಿ, ಗೊರಸು ಕೆಟ್ಟ ಎತ್ತು ಗಾಡಿಗೆ ಬಾರದೆಂಬುದು ಅವನಿಗೆ ಗೊತ್ತು. ಮೋಟಾರು ಕಾರನ್ನು ಕೊಳ್ಳುವ ನಮಗೆ ಈ ಎಚ್ಚರ ಇಲ್ಲವೆಂದೇ ಹೇಳಬೇಕು. ಬಣ್ಣವನ್ನು ನೋಡುತ್ತೇವೆ, ದೀಪಗಳ ಅಂದವನ್ನು ನೋಡುತ್ತೇವೆ, ಸೀಟಿನ ಬಟ್ಟೆಯನ್ನು ಮುಟ್ಟಿ ನೋಡುತ್ತೇವೆ, ಹಾಡು ಕೇಳಿಸುವ ಯಂತ್ರವನ್ನು ತಿರುಗಿಸಿ ನೋಡುತ್ತೇವೆ. ಬಗ್ಗಿ ಅದರ ಹೊಟ್ಟೆಯನ್ನು ನೋಡುವವರು ಬಹಳ ವಿರಳ. ಆದರೆ ಕಾರಿನ ಪ್ರಾಣವಿರುವುದು ಅಲ್ಲಿಯೇ. ನೆಲದಿಂದ ಒಂದು ಗೇಣಿಗೂ ಕಡಿಮೆ ಎತ್ತರದಲ್ಲಿ, ದಾರಿಯ ಕಲ್ಲಿಗೆ ಎದುರಾಗಿ.

ಎಂಜಿನ್ನಿನ ತಳದಲ್ಲಿ ಬಾಣಲೆಯಂತೆ ಜೋಡಿಸಿದ ಒಂದು ಪಾತ್ರೆಯುಂಟು. ಗ್ಯಾರೇಜಿನವರು ಅದನ್ನು ಆಯಿಲ್ ಚೇಂಬರ್ ಎನ್ನುತ್ತಾರೆ. ಪುಸ್ತಕದಲ್ಲಿ ಅದರ ಹೆಸರು ಸಂಪ್. ಮನೆಯ ಅಂಗಳದಲ್ಲಿ ನೆಲ ತೋಡಿಸಿ ನಲ್ಲಿಯ ನೀರನ್ನು ತುಂಬಿಡುತ್ತೇವಲ್ಲ, ಆ ತೊಟ್ಟಿಗೂ ನಾವು ಇದೇ ಹೆಸರನ್ನು ಹೇಳುತ್ತೇವೆ. ಎರಡರ ಕೆಲಸವೂ ಒಂದೇ: ಬಂದುದನ್ನು ಹಿಡಿದಿಟ್ಟು ಪಂಪಿಗೆ ಒದಗಿಸುವುದು. ಸಣ್ಣ ಕಾರಿನ ಸಂಪಿನಲ್ಲಿ ಮೂರು ನಾಲ್ಕು ಲೀಟರು ಎಣ್ಣೆ ಇರುತ್ತದೆ. ಅದರ ತಳಕ್ಕೆ ಹತ್ತಿರವಾಗಿ ಜಾಲರಿ ಕಟ್ಟಿದ ಒಂದು ಕೊಳವೆ. ಪಂಪು ಆ ಕೊಳವೆಯ ಮೂಲಕ ಎಣ್ಣೆಯನ್ನು ಹೀರಿ ಎಂಜಿನ್ನಿನ ಸಂದುಸಂದಿಗೂ ಅಟ್ಟುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಉಕ್ಕಿನ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಇರುವುದು ತಲೆಗೂದಲಿಗಿಂತ ತೆಳುವಾದ ಎಣ್ಣೆಯ ಪದರ. ಆ ಪದರ ಇರುವತನಕ ಲೋಹ ಲೋಹವನ್ನು ಮುಟ್ಟುವುದಿಲ್ಲ. ಅದು ಹರಿದುಹೋದರೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಂಡು ನಿಲ್ಲುತ್ತದೆ. ಸೀಜ್ ಆಯಿತು ಎಂದು ಮೆಕ್ಯಾನಿಕ್ಕು ತಲೆಯಾಡಿಸುವುದು ಇದಕ್ಕೇ.

ಇಂಥ ಪಾತ್ರೆಗೆ ಒಂದು ಕಲ್ಲು ಬಡಿದರೆ ಏನಾಗುತ್ತದೆಂಬುದು ಪಾತ್ರೆಯ ಲೋಹವನ್ನು ಅವಲಂಬಿಸಿದೆ. ಉಕ್ಕಿನ ತಗಡಿನದಾದರೆ ತಗ್ಗು ಬೀಳುತ್ತದೆ. ಎರಕದ ಅಲ್ಯೂಮಿನಿಯಮಿನದಾದರೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟದ್ದು ಎಣ್ಣೆ ಸುರಿಯುವುದರಿಂದಲಾದರೂ ತಿಳಿದೀತು. ತಗ್ಗು ಬಿದ್ದದ್ದು ಇನ್ನೂ ಮೋಸ. ತಳ ಮೇಲಕ್ಕೆ ಒತ್ತಿ ಕೊಳವೆಯ ಬಾಯಿಗೆ ತಾಗಿದರೆ, ಎಣ್ಣೆ ಒಂದು ಹನಿಯೂ ಸೋರದಿದ್ದರೂ ಪಂಪಿಗೆ ಹೀರಲು ದಾರಿಯಿಲ್ಲದಂತಾಗುತ್ತದೆ. ಎರಡು ಸಂದರ್ಭಗಳಲ್ಲೂ ಚಾಲಕನ ಮುಂದೆ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪವೊಂದು ಹತ್ತಿಕೊಳ್ಳುತ್ತದೆ. ಅದು ಹತ್ತಿದ ಕ್ಷಣವೇ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ಎಂಜಿನ್ನನ್ನು ನಿಲ್ಲಿಸತಕ್ಕದ್ದು. ಮುಂದಿನ ಊರಿನ ಗ್ಯಾರೇಜು ಮೂರೇ ಕಿಲೋಮೀಟರು ಎಂದು ಲೆಕ್ಕ ಹಾಕಕೂಡದು. ನಿಂತಲ್ಲೇ ನಿಂತರೆ ಹೋಗುವುದು ಒಂದು ಪಾತ್ರೆ ಮಾತ್ರ; ಮೂರು ಕಿಲೋಮೀಟರು ಹೋದರೆ ಇಡೀ ಎಂಜಿನ್ನೇ ಹೋದೀತು.

ವಿಮೆ ಇದೆಯಲ್ಲ ಎನ್ನುವವರೂ ಉಂಟು. ಅವರು ಕರಾರುಪತ್ರದ ಸಣ್ಣ ಅಕ್ಷರಗಳನ್ನು ಓದಬೇಕು. ಕಲ್ಲು ಬಡಿದು ಚೇಂಬರ್ ಒಡೆದದ್ದು ಅಪಘಾತ. ಒಡೆದ ಮೇಲೆ ಎಣ್ಣೆಯಿಲ್ಲದೆ ಓಡಿಸಿ ಎಂಜಿನ್ನು ಕೆಟ್ಟದ್ದು ಅಪಘಾತದ ತರುವಾಯದ ನಷ್ಟ. ನಮ್ಮ ದೇಶದ ಸಾಮಾನ್ಯ ಮೋಟಾರು ವಿಮೆಯಲ್ಲಿ ಈ ಎರಡನೆಯದಕ್ಕೆ ಪರಿಹಾರವಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕರಾರನ್ನು ಬೇರೆ ಹಣ ತೆತ್ತು ಪಡೆದವರಿಗೆ ಮಾತ್ರ ಅದರ ಆಸರೆ. ತಿಂಗಳು ತಿಂಗಳೂ ಸಾಲದ ಕಂತು ಕಟ್ಟುತ್ತ ಬಾಡಿಗೆಗೆ ಕಾರು ಓಡಿಸುವವನನ್ನು ನೆನೆಯಿರಿ. ಅವನ ಅನ್ನ ಆ ಎಂಜಿನ್ನಿನಲ್ಲಿ ಬೇಯುತ್ತದೆ. ಒಂದು ಹಿಡಿಗಾತ್ರದ ಕಲ್ಲು ಅದನ್ನು ಕೆಡಿಸಿದರೆ ಕಾರು ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಆದುದರಿಂದ ಇದು ಕಾರಿನ ಷೋಕಿಗೆ ಸೇರಿದ ಮಾತಲ್ಲ; ಮನೆಯ ಒಲೆಗೆ ಸೇರಿದ ಮಾತು.

ಈ ಕಲ್ಲು ಬರುವುದು ಎಲ್ಲಿಂದ? ರಸ್ತೆಯಿಂದಲೇ. ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಮ್ (1756–1836) ರಸ್ತೆ ಕಟ್ಟುವ ವಿದ್ಯೆಗೆ ಹೊಸ ದಾರಿ ತೋರಿಸಿದಾಗ ಹೇಳಿದ ತತ್ತ್ವ ಸರಳವಾದದ್ದು: ಕಲ್ಲನ್ನು ಸಣ್ಣದಾಗಿ, ಮೂಲೆಯುಳ್ಳದ್ದಾಗಿ ಒಡೆದು ಹರಡಿದರೆ ಒಂದನ್ನೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ; ಆದರೆ ನೆಲ ಒಣಗಿರಬೇಕು, ನೀರು ಹರಿದುಹೋಗಬೇಕು. ಇಂದಿನ ಡಾಂಬರು ರಸ್ತೆಯ ಒಳಗಿನ ಜಲ್ಲಿಯೂ ಇದೇ ನಿಯಮಕ್ಕೆ ಒಳಪಟ್ಟದ್ದು. ನೀರು ನಿಂತಲ್ಲಿ ಡಾಂಬರು ಜಲ್ಲಿಯ ಹಿಡಿತವನ್ನು ಬಿಡುತ್ತದೆ, ಗಾಲಿಗಳು ಸಡಿಲವಾದ ಜಲ್ಲಿಯನ್ನು ಕಿತ್ತು ಪಕ್ಕಕ್ಕೆ ಎಸೆಯುತ್ತವೆ, ಗುಂಡಿ ಹುಟ್ಟುತ್ತದೆ. ಅಂದರೆ ಗುಂಡಿಯೂ ಬಿಡಿಕಲ್ಲೂ ಒಂದೇ ರೋಗದ ಎರಡು ಲಕ್ಷಣಗಳು. ಕಟ್ಟಿನೊಳಗಿದ್ದಾಗ ನಮ್ಮನ್ನು ಹೊತ್ತ ಜಲ್ಲಿಯೇ ಕಟ್ಟು ಬಿಟ್ಟಾಗ ನಮಗೆ ಶತ್ರುವಾಗುತ್ತದೆ.

ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಮಲೆನಾಡಿನಲ್ಲಿ ಈ ರೋಗ ಎಷ್ಟು ಬೇಗ ಹರಡುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಇದಕ್ಕೆ ಮದ್ದಿಲ್ಲವೆಂದಲ್ಲ. ಶಿರಾಡಿ ಘಾಟಿಯ ದಾರಿಯನ್ನು 2015ರಲ್ಲಿಯೂ 2018ರಲ್ಲಿಯೂ ಸಂಚಾರ ನಿಲ್ಲಿಸಿ ಭಾಗಭಾಗವಾಗಿ ಕಾಂಕ್ರೀಟು ಮಾಡಿದರು. ಮಳೆಗೆ ಕರಗದ ರಸ್ತೆಯನ್ನು ಕಟ್ಟಲು ನಮ್ಮವರಿಗೆ ಬರುತ್ತದೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಆದರೆ ಹೆಚ್ಚಿನ ಕಡೆ ನಡೆಯುವುದು ತೇಪೆಯ ಕೆಲಸ. ಗುಂಡಿಗೆ ಜಲ್ಲಿ ಸುರಿದು, ಮೇಲೊಂದಿಷ್ಟು ಡಾಂಬರು ಚೆಲ್ಲಿ, ಉಳಿದ ಜಲ್ಲಿಯನ್ನು ಗುಡಿಸದೆ ಹೋಗುತ್ತಾರೆ. ಕ್ವಾರಿಯಿಂದ ಬರುವ ಟಿಪ್ಪರುಗಳು ಟಾರ್ಪಾಲು ಹೊದಿಸದೆ, ತಿರುವಿಗೊಂದು ಬೊಗಸೆಯಂತೆ ಜಲ್ಲಿ ಚೆಲ್ಲುತ್ತ ಸಾಗುತ್ತವೆ. ಕೆಟ್ಟು ನಿಂತ ಲಾರಿಯವರು ಗಾಲಿಗೆ ಕೊಟ್ಟ ದಪ್ಪ ಕಲ್ಲನ್ನು ಹೊರಡುವಾಗ ಅಲ್ಲಿಯೇ ಬಿಡುತ್ತಾರೆ. ಕತ್ತಲಲ್ಲಿ ಬರುವ ತಗ್ಗು ಕಾರಿಗೆ ಆ ಕಲ್ಲು ಕಾಣುವುದು ಅದು ಹೊಟ್ಟೆಗೆ ಬಡಿದ ಮೇಲೆ.

ಇನ್ನು ರಸ್ತೆಯುಬ್ಬುಗಳ ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಉಬ್ಬಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು, ಗಂಟೆಗೆ 25 ಕಿಲೋಮೀಟರಿನ ವೇಗದಲ್ಲಿ ಅದನ್ನು ದಾಟಲು ಬರಬೇಕು. ಈ ಅಳತೆಯ ಉಬ್ಬು ಯಾವ ಕಾರಿನ ಹೊಟ್ಟೆಯನ್ನೂ ಕೆರೆಯದು. ನಮ್ಮ ಊರುಗಳಲ್ಲಿ ಕಾಣುವುದು ಬಹುಮಟ್ಟಿಗೆ ರಾತ್ರೋರಾತ್ರಿ ಎದ್ದ ಡಾಂಬರಿನ ದಿಂಡುಗಳು. ಅಗಲ ಒಂದು ಮೊಳ, ಎತ್ತರ ಕಟ್ಟಿದವನ ಕೋಪದಷ್ಟು. ಸಣ್ಣ ಕಾರುಗಳ ತಳಕ್ಕೂ ನೆಲಕ್ಕೂ ಇರುವ ಅಂತರ ಸಾಧಾರಣವಾಗಿ 160ರಿಂದ 170 ಮಿಲಿಮೀಟರು. ಅದಾದರೂ ಬರಿಗಾರಿನ ಲೆಕ್ಕ. ಐದು ಮಂದಿ ಕುಳಿತು, ಹಿಂದೆ ಮದುವೆಯ ಸಾಮಾನು ಹೇರಿದಾಗ ಸ್ಪ್ರಿಂಗುಗಳು ಕುಗ್ಗಿ ಆ ಅಂತರದಲ್ಲಿ ಕೆಲವು ಸೆಂಟಿಮೀಟರು ಮಾಯವಾಗಿರುತ್ತದೆ. ಉಳಿದ ಅಂತರಕ್ಕೂ ದಿಂಡಿನ ಎತ್ತರಕ್ಕೂ ನಡುವೆ ನಡೆಯುವ ವ್ಯಾಜ್ಯದಲ್ಲಿ ತೀರ್ಪು ಯಾವ ಕಡೆಗೆಂದು ಎಲ್ಲರೂ ಕೇಳಿಯೇ ಇದ್ದೇವೆ. ಅದರ ಸದ್ದು ಹಲ್ಲು ಜುಮ್ಮೆನ್ನಿಸುತ್ತದೆ.

ಹೀಗಿರುವಾಗ ಕಾರಿನ ಕಿಬ್ಬೊಟ್ಟೆಗೆ ಒಂದು ಕವಚ ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಉಳುವ ಎತ್ತಿಗೆ ಲಾಳವಿಲ್ಲದೆ ನಡೆದೀತು. ಕಲ್ಲುಹಾದಿಯಲ್ಲಿ ಗಾಡಿ ಎಳೆಯುವ ಎತ್ತಿಗೆ ಲಾಳ ಕಟ್ಟಿಸಲೇಬೇಕು. ಮೋಟಾರು ಪಂದ್ಯಗಳವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಅಲೆಕ್ ಇಸಿಗೋನಿಸ್ ರೂಪಿಸಿ 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಿನಿ ಎಂಬ ಪುಟ್ಟ ಕಾರಿನ ಗಾಲಿಗಳು ಹತ್ತೇ ಅಂಗುಲದವು. ಎಂಜಿನ್ನು ಅಡ್ಡಲಾಗಿ ಕುಳಿತದ್ದು. ಗೇರುಪೆಟ್ಟಿಗೆ ಎಣ್ಣೆಯ ಸಂಪಿನೊಳಗೇ ಅಡಗಿದ್ದು. ಕಲ್ಲಿನ ಒಂದು ಪೆಟ್ಟಿಗೆ ಎಂಜಿನ್ನು, ಗೇರು ಎರಡೂ ಹೋಗುವಂಥ ರಚನೆ. ಆ ಕಾರು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿತು. ಗೆದ್ದ ಚಾಲಕರ ಹೆಸರನ್ನು ಎಲ್ಲರೂ ನೆನೆಯುತ್ತಾರೆ. ಆ ಕಾರುಗಳ ಹೊಟ್ಟೆಯಡಿ ಬಿಗಿದಿದ್ದ ಲೋಹದ ಹಲಗೆಯನ್ನು ನೆನೆಯುವವರು ಕಡಿಮೆ. ನಮ್ಮ ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣುದಾರಿಗಳಲ್ಲಿ ನಡೆಯುವ ರ‍್ಯಾಲಿಗಳಿಗೂ ಅಂಥ ಹಲಗೆಯಿಲ್ಲದ ಕಾರನ್ನು ಯಾರೂ ತರುವುದಿಲ್ಲ. ಪಂದ್ಯದವನು ಕಲ್ಲುದಾರಿಯನ್ನು ಹಂಬಲಿಸಿ ಹೋಗುತ್ತಾನೆ. ಮಗುವನ್ನು ಆಸ್ಪತ್ರೆಗೆ ಒಯ್ಯುವವನು ಹಂಬಲಿಸದಿದ್ದರೂ ಅದೇ ದಾರಿಯಲ್ಲಿ ಹೋಗಬೇಕಾಗಿದೆ. ಅವನ ಕಾರಿಗೆ ಮಾತ್ರ ಹಲಗೆಯಿಲ್ಲ.

ಕಾರಿನ ಜೊತೆಯಲ್ಲಿಯೇ ಬರುವ ತೆಳು ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಕವಚವೆಂದು ನಂಬಕೂಡದು. ಅದು ಕೆಸರಿನ ಎರಚಲನ್ನು ತಡೆದೀತು, ಗಾಳಿ ಸುಗಮವಾಗಿ ಹರಿಯುವಂತೆ ಮಾಡೀತು. ಕಲ್ಲಿಗೆ ಅದು ಕಾಗದ. ನಿಜವಾದ ಕವಚ ಉಕ್ಕಿನದು ಅಥವಾ ಅಲ್ಯೂಮಿನಿಯಮಿನದು. ಉಕ್ಕಿಗೆ ಬೆಲೆ ಕಡಿಮೆ, ಭಾರ ಹೆಚ್ಚು, ತುಕ್ಕಿನ ಭಯ. ಅಲ್ಯೂಮಿನಿಯಮು ಹಗುರ, ಅಷ್ಟೇ ಬಲ ಬರಬೇಕಾದರೆ ಹಲಗೆ ದಪ್ಪವಾಗಿರಬೇಕು, ಹಣವೂ ಹೆಚ್ಚು ಬೇಕು. ಯಾವುದೇ ಆಗಲಿ, ಅದನ್ನು ಬಿಗಿಯಬೇಕಾದದ್ದು ಕಾರಿನ ಚೌಕಟ್ಟಿಗೆ, ಎಣ್ಣೆಯ ಪಾತ್ರೆಗಲ್ಲ. ಎರಡರ ನಡುವೆ ಒಂದಿಷ್ಟು ತೆರಪು ಇರಬೇಕು. ತೆರಪಿಲ್ಲದಿದ್ದರೆ ಕಲ್ಲಿನ ಪೆಟ್ಟು ಹಲಗೆಯನ್ನು ಹಾದು ನೇರವಾಗಿ ಪಾತ್ರೆಗೇ ಮುಟ್ಟುತ್ತದೆ. ಮುಂದಿನ ಅಂಚು ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿರಬೇಕು. ಆಗ ಅಡ್ಡ ಬಂದುದರ ಮೇಲೆ ಕಾರು ಜಾರಿ ಹೋಗುತ್ತದೆ, ಸಿಕ್ಕಿಕೊಳ್ಳುವುದಿಲ್ಲ. ಎಂಜಿನ್ನಿನ ಕಾವು ಹೊರಹೋಗಲು ಕಂಡಿಗಳೂ, ಎಣ್ಣೆ ಬದಲಿಸುವ ತಿರುಪಿಗೆ ಕೈ ಎಟುಕುವ ತೂತೂ ಇರಬೇಕು. ಹಲಗೆ ಸೇರಿದಷ್ಟೂ ನೆಲದಿಂದ ಅಂತರ ಕಡಿಮೆಯಾಗುತ್ತದೆಂಬುದನ್ನೂ ಮರೆಯಬಾರದು.

ಕವಚಕ್ಕೂ ದೋಷಗಳುಂಟು. ಅದು ರಕ್ಷಿಸುವಂತೆಯೇ ಮರೆಮಾಡುತ್ತದೆ. ಬರಿಹೊಟ್ಟೆಯ ಕಾರು ಬೆಳಗ್ಗೆ ಅಂಗಳದ ನೆಲದ ಮೇಲೆ ಎರಡು ಹನಿ ಎಣ್ಣೆ ಬಿಟ್ಟು ತನ್ನ ನೋವನ್ನು ತಿಳಿಸುತ್ತದೆ; ಕವಚ ತೊಟ್ಟದ್ದು ಆ ಹನಿಗಳನ್ನು ಮಡಿಲಲ್ಲಿಯೇ ಇಟ್ಟುಕೊಳ್ಳುತ್ತದೆ. ಕೆಸರು ಅಲ್ಲಿ ಕುಳಿತು ತುಕ್ಕಿಗೆ ತೇವ ಒದಗಿಸುತ್ತದೆ. ಬೇಸಗೆಯಲ್ಲಿ ಒಣಹುಲ್ಲು, ತರಗೆಲೆಗಳು ಸಿಕ್ಕಿಕೊಂಡು ಹೊಗೆಕೊಳವೆಯ ಕಾವಿಗೆ ಹತ್ತಿ ಉರಿಯುವ ಅಪಾಯವೂ ಇದೆ. ಎದುರಿನಿಂದ ಢಿಕ್ಕಿಯಾದಾಗ ಎಂಜಿನ್ನು ಒಳಗೆ ನುಗ್ಗದೆ ಕೆಳಕ್ಕೆ ಜಾರುವಂತೆ ರೂಪಿಸಿದ ಕಾರುಗಳಲ್ಲಿ, ಅಳತೆಯರಿಯದೆ ಬಿಗಿದ ಹಲಗೆ ಆ ಏರ್ಪಾಡಿಗೇ ಅಡ್ಡಬರಬಹುದು. ಆದುದರಿಂದ ಆಯಾ ಕಾರಿಗೆಂದೇ ಮಾಡಿದ ಕವಚವನ್ನು ತಿಳಿದವರಿಂದ ಹಾಕಿಸಬೇಕು. ಎಣ್ಣೆ ಬದಲಿಸುವಾಗಲೆಲ್ಲ ಬಿಚ್ಚಿ ತೊಳೆಸಬೇಕು.

ರಸ್ತೆಗಳು ಚೆನ್ನಾದರೆ ಇದಾವುದೂ ಬೇಡವಲ್ಲ ಎಂದು ಕೆಲವರು ವಾದಿಸಬಹುದು. ಆ ವಾದ ಪೂರ್ತಿ ಸರಿಯಲ್ಲ. 2013ರ ಅಕ್ಟೋಬರಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ನುಣುಪಾದ ಹೆದ್ದಾರಿಯೊಂದರಲ್ಲಿ, ಲಾರಿಯಿಂದ ಬಿದ್ದಿದ್ದ ಲೋಹದ ತುಂಡೊಂದು ಟೆಸ್ಲಾ ಕಂಪನಿಯ ವಿದ್ಯುತ್ ಕಾರಿನ ತಳವನ್ನು ತೂರಿತು. ಆ ಕಾರಿನಲ್ಲಿ ತಳದ ತುಂಬ ಇರುವುದು ಬ್ಯಾಟರಿ, ಬೆಂಕಿ ಹತ್ತಿತು. ಮರುತಿಂಗಳು ಟೆನೆಸ್ಸೀ ರಾಜ್ಯದಲ್ಲಿ ದಾರಿಯ ಮೇಲೆ ಬಿದ್ದಿದ್ದ ಕಬ್ಬಿಣದ ಕೊಂಡಿಯೊಂದರಿಂದ ಅಂಥದೇ ಅನಾಹುತ. ಎರಡರಲ್ಲಿಯೂ ಒಳಗಿದ್ದವರು ಸುರಕ್ಷಿತವಾಗಿ ಇಳಿದರು. 2014ರ ಮಾರ್ಚಿನಲ್ಲಿ ಆ ಕಂಪನಿ ಟೈಟೇನಿಯಮಿನ ಹಲಗೆಯನ್ನೂ ಅಲ್ಯೂಮಿನಿಯಮಿನ ಅಡ್ಡಪಟ್ಟಿಗಳನ್ನೂ ಕಾರಿನ ಹೊಟ್ಟೆಯಡಿ ಸೇರಿಸಿತು. ಎಷ್ಟೇ ಒಳ್ಳೆಯ ರಸ್ತೆಯಾದರೂ ಅದರ ಮೇಲೆ ಏನು ಬಿದ್ದಿರುತ್ತದೆಂದು ಹೇಳಲಾಗದು. ಅನಿರೀಕ್ಷಿತವಾದುದಕ್ಕೆ ಕವಚ ಎಂದೆಂದಿಗೂ ಬೇಕು. ವಿದ್ಯುತ್ ಕಾರುಗಳು ನಮ್ಮ ಬೀದಿಗಳಲ್ಲಿಯೂ ಹೆಚ್ಚುತ್ತಿರುವಾಗ ಈ ಮಾತಿಗೆ ಬೆಲೆ ಇನ್ನೂ ಹೆಚ್ಚು.

ಕವಚಗಳಲ್ಲೂ ಸಜ್ಜನ ದುರ್ಜನರೆಂಬ ಭೇದವಿದೆ. ಕಾರಿನ ಮೂತಿಗೆ ಬಿಗಿಯುವ ದಪ್ಪ ಕಂಬಿಗಳ ಬೇಲಿ ಯಜಮಾನನ ಬಂಪರನ್ನು ಕಾಯುತ್ತದೆ ನಿಜ. ಆದರೆ ಎದುರು ಸಿಕ್ಕ ಪಾದಚಾರಿಯ ಎಲುಬನ್ನು ಮುರಿಯುತ್ತದೆ. ಕೇಂದ್ರ ಸಾರಿಗೆ ಮಂತ್ರಾಲಯ 2017ರ ಡಿಸೆಂಬರಿನಲ್ಲಿ ಅಂಥ ಬೇಲಿಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದದ್ದು ನ್ಯಾಯವೇ ಸರಿ. ಹೊಟ್ಟೆಯಡಿಯ ಹಲಗೆ ಯಾರ ಮೈಗೂ ತಾಗುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಮೆರೆಯಲು ಬಾರದ ಕಾರಣಕ್ಕೇ ಅದನ್ನು ಹಾಕಿಸುವವರು ಕಡಿಮೆಯೇನೋ!

ಆದರೆ ಕವಚ ಹಾಕಿಸಿದಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆ? ನನ್ನ ಮುಖ್ಯವಾದ ಮಾತಿರುವುದು ಇಲ್ಲಿ. ಅಂಗಳದ ಸಂಪನ್ನು ಮತ್ತೊಮ್ಮೆ ನೆನೆಯೋಣ. ನಲ್ಲಿಯಲ್ಲಿ ದಿನವೂ ನೀರು ಬಾರದ್ದರಿಂದ ನಾವು ಅದನ್ನು ತೋಡಿಸಿದೆವು. ತೋಡಿಸಿದ ಮೇಲೆ ನೀರು ಬಾರದ ದಿನಗಳು ನಮಗೆ ತಿಳಿಯದಂತಾದವು. ತಿಳಿಯದ್ದರಿಂದ ಕೇಳುವುದನ್ನೂ ಬಿಟ್ಟೆವು. ಬಿಂದಿಗೆ ಹಿಡಿದು ಕಾಯುವವರು ಮಾತ್ರ ಉಳಿದರು. ಅವರ ದನಿ ಮೇಲಿನವರಿಗೆ ಮುಟ್ಟುವುದು ಕಷ್ಟ. ರಸ್ತೆಯ ವಿಷಯದಲ್ಲೂ ಇದೇ ನಡೆಯುತ್ತಿದೆ. ನಮ್ಮ ದೇಶದಲ್ಲಿ ಇಂದು ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎತ್ತರದ ಮೈಯವು. ಕೊಳ್ಳುವವರು ಹೇಳುವ ಕಾರಣಗಳಲ್ಲಿ ಒಂದು, ನಮ್ಮ ರಸ್ತೆಗೆ ಇದೇ ಸರಿ ಎಂಬುದು. ಹಣವುಳ್ಳವರು ರಸ್ತೆಯ ತಪ್ಪಿನಿಂದ ಮೇಲಕ್ಕೆ ಏರಿ ಕುಳಿತರು. ಹಳೆಯ ತಗ್ಗು ಕಾರಿನ ಮೇಷ್ಟರು, ಬಾಡಿಗೆ ಕಾರಿನ ಚಾಲಕ ಕೆಳಗುಳಿದರು. ಗುಂಡಿಯನ್ನು ಕಂಡು ಸಿಟ್ಟಾಗಬಲ್ಲ ಪ್ರಭಾವಶಾಲಿಗಳಿಗೆ ಗುಂಡಿಯೇ ತಿಳಿಯದೆ ಹೋದರೆ ಅದನ್ನು ಮುಚ್ಚಿಸುವವರು ಯಾರು?

ಕಾನೂನಾದರೂ ಈ ಸಣ್ಣ ಮನುಷ್ಯನ ಕಡೆ ನೋಡಿದೆಯೆ ಎಂದರೆ, ಅದರ ದೃಷ್ಟಿ ಇಷ್ಟು ಕೆಳಕ್ಕೆ ಇಳಿಯುವುದಿಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನಗಳ ಕಾಯಿದೆಗೆ ಸೇರಿದ 198ಎ ಕಲಮು, ರಸ್ತೆಯನ್ನು ನಿಯಮಾನುಸಾರ ಕಟ್ಟದ, ಕಾಯದ ಅಧಿಕಾರಿಗೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಆದರೆ ಆ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದಾಗ ಮಾತ್ರ. ಪ್ರಾಣಕ್ಕೆ ಮೊದಲ ಸ್ಥಾನ ಕೊಟ್ಟದ್ದು ಸರಿಯೆ. ಆದರೆ ಚಾಲಕನ ಜೀವನೋಪಾಯ ಒಡೆದುಹೋದರೆ ಅದನ್ನು ಲೆಕ್ಕಕ್ಕೆ ಬರೆದುಕೊಳ್ಳುವವರಿಲ್ಲ. ಸಾರ್ವಜನಿಕರ ತಪ್ಪು ಖಾಸಗಿಯವರ ಸಾಲವಾಗಿ ಬದಲಾಗುವ ಸ್ಥಳ ಕಾರಿನ ಕಿಬ್ಬೊಟ್ಟೆ.

ಬೇಕಾದ ಕೆಲಸಗಳೇನೂ ಗಗನಕುಸುಮವಲ್ಲ. ತೇಪೆ ಹಾಕಿದವರು ಉಳಿದ ಜಲ್ಲಿಯನ್ನು ಗುಡಿಸಿಯೇ ಹೋಗಬೇಕು; ಗುಡಿಸಿದ್ದನ್ನು ನೋಡದೆ ಬಿಲ್ಲಿಗೆ ಸಹಿ ಬೀಳಕೂಡದು. ಟಿಪ್ಪರಿಗೆ ಟಾರ್ಪಾಲು ಹೊದಿಸಿರುವುದನ್ನು ಕ್ವಾರಿಯ ಬಾಗಿಲಲ್ಲಿಯೇ ನೋಡಬೇಕು. ಉಬ್ಬುಗಳು ಮಾರ್ಗಸೂಚಿಯ ಅಳತೆಗೆ ಬರಬೇಕು; ಬಿಳಿ ಬಣ್ಣ ಬಳಿದು, ಮುಂಚೆಯೇ ಫಲಕ ನೆಟ್ಟಿರಬೇಕು. ಚರಂಡಿಯನ್ನು ಮಳೆಗೆ ಮೊದಲೇ ತೆಗೆಯಬೇಕು. ರಸ್ತೆಯನ್ನು ಕೊಲ್ಲುವುದು ಗಾಲಿಗಿಂತ ಹೆಚ್ಚಾಗಿ ನಿಂತ ನೀರೆಂಬುದು ಮೆಕಾಡಮನ ಕಾಲದಿಂದಲೂ ತಿಳಿದ ವಿಷಯ. ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಡ, ಹೊರದೇಶದ ಸಾಲ ಬೇಡ. ಪೊರಕೆ, ಅಳತೆಪಟ್ಟಿ, ಗುದ್ದಲಿ ಮತ್ತು ಇವನ್ನು ಬಳಸಿದರೋ ಇಲ್ಲವೋ ಎಂದು ಕೇಳುವವರು ಬೇಕು.

ತಗ್ಗು ಕಾರಿನವರು ತಮ್ಮ ಕಾರಿಗೆ ಕವಚ ಹಾಕಿಸಲಿ. ಕೆಂಪು ದೀಪಕ್ಕೆ ನಿಲ್ಲುವುದನ್ನು ಮನೆಯಲ್ಲಿ ಕಾರು ಓಡಿಸುವವರೆಲ್ಲರಿಗೂ ಕಲಿಸಲಿ. ಹಾಕಿಸಿದ ಮೇಲೂ ದಾರಿಯ ಜಲ್ಲಿಯನ್ನು ಕಂಡರೆ ಪಂಚಾಯತಿಗೋ ಪುರಸಭೆಗೋ ಒಂದು ಕಾಗದ ಬರೆಯಲಿ. ಯಾರೂ ಮುಂಗಾಣಲಾರದ ಕಲ್ಲಿಗೆ ಹಲಗೆಯೇ ಉತ್ತರ. ಗುತ್ತಿಗೆದಾರ ಗುಡಿಸದೆ ಬಿಟ್ಟ ಕಲ್ಲಿಗೆ ಉತ್ತರ ಕೊಡಬೇಕಾದವನು ಗುತ್ತಿಗೆದಾರ. ಈ ಎರಡು ಕಲ್ಲುಗಳನ್ನು ಬೇರೆ ಬೇರೆಯಾಗಿ ಎಣಿಸುವುದನ್ನು ನಾವು ಮರೆಯದಿದ್ದರೆ ಸಾಕು.